ಚಕ್ಕುಬಂದಿ ಹಿಡಿದು ಮಲ್ಲೇಶ್ವರದ ಮೂಲಕ್ಕೆ: ನನ್ನ ಅನುಭವ

ಮನೆಪತ್ರಗಳಿಂದ ಬಡಾವಣೆಯ ಇತಿಹಾಸ ಬರೆಯಲಾಗದು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಶಾಸನ ಓದಬಲ್ಲವರು ಹೇಳಿದರು, ಊರು ನಾಡಿನ ವಿವರ ಕೊಡುವ ಸರ್ಕಾರಿ ಗ್ರಂಥವಾದ ಗ್ಯಾಸೆಟಿಯರ್ ಬಾಯಿಪಾಠವಾಗಿದ್ದವರು ಹೇಳಿದರು. ಬಡಾವಣೆಯ ಬಗ್ಗೆ ಎರಡು ಸ್ಮರಣ ಸಂಚಿಕೆ ತಂದಿದ್ದ ಹಿರಿಯರೊಬ್ಬರು, "ಕ್ರಯಪತ್ರ ಇರುವುದು ಕೋರ್ಟಿಗೆ, ಇತಿಹಾಸಕ್ಕಲ್ಲ" ಎಂದು ತುಂಬಿದ ಸಭೆಯಲ್ಲೇ ಹೇಳಿದರು. ಮಲ್ಲೇಶ್ವರದಲ್ಲಿ ನಾವಿರುವ ಭಾಗದ ಸುಮಾರು 140 ನಿವೇಶನಗಳ ಮೊದಲ ಹಂಚಿಕೆಯ ನಕ್ಷೆ ಕಳೆದ ಚಳಿಗಾಲದಲ್ಲಿ ನನ್ನ ಮೇಜಿನ ಮೇಲೆ ಒಂದಕ್ಕೊಂದು ಕೂಡಿಕೊಂಡು ನಿಂತಾಗ, ಅದೇ ಹಿರಿಯರು ಬಂದು ಒಂದೂವರೆ ಗಂಟೆ ಕುಳಿತು ನೋಡಿ, ತಮ್ಮ ತಾತನವರ ಮನೆಯ ಮೂಲೆಯನ್ನು ತಾವೇ ಬೆರಳಿಟ್ಟು ತೋರಿಸಿದರು. ಆ ಕಾರಣದಿಂದಲೇ ಇದನ್ನು ಬರೆಯುತ್ತಿದ್ದೇನೆ. ಇದೇ ಕೆಲಸವನ್ನು ತಮ್ಮ ತಮ್ಮ ಬಡಾವಣೆಗಳಲ್ಲಿ ಮಾಡುತ್ತಿರುವವರಿಗೆ ನಾನು ಕಳೆದುಕೊಂಡ ವರ್ಷಗಳೂ ಹಣವೂ ಉಳಿಯಲಿ ಎಂಬುದು ನನ್ನ ಆಸೆ.

ನಾನು 34 ವರ್ಷ ಉಪನೋಂದಣಾಧಿಕಾರಿಗಳ ಕಚೇರಿಯ ಎದುರು ಪತ್ರಬರಹಗಾರನಾಗಿದ್ದವನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಭೋಗ್ಯಪತ್ರ ಎಲ್ಲವನ್ನೂ ಸಾವಿರಾರು ಸಂಖ್ಯೆಯಲ್ಲಿ ಬರೆದಿದ್ದೇನೆ. ಇತಿಹಾಸದಲ್ಲಿ ಪದವಿ ಪಡೆದವನಲ್ಲ. ಆದರೆ ಪತ್ರದ ಕೊನೆಯಲ್ಲಿ ಬರುವ ಆ ನಾಲ್ಕು ಸಾಲು, ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಯಾರು, ಉತ್ತರಕ್ಕೆ ಯಾವ ರಸ್ತೆ, ದಕ್ಷಿಣಕ್ಕೆ ಯಾರ ಮನೆ ಎಂಬ ಚಕ್ಕುಬಂದಿ, ಊರಿನ ನೆನಪು ಅಡಗಿ ಕುಳಿತಿರುವ ಜಾಗ ಎಂಬುದು ನನ್ನ ಕೈಗೆ ಗೊತ್ತಿತ್ತು. ಪತ್ರದ ಉಳಿದ ಭಾಗವನ್ನು ಬರಹಗಾರ ನಕಲು ಮಾಡುತ್ತಾನೆ. ಚಕ್ಕುಬಂದಿಯನ್ನು ಮಾತ್ರ ಮಾಲೀಕನ ಬಾಯಿಂದ ಕೇಳಿ ಬರೆಯಬೇಕಾಗುತ್ತದೆ.

ಈ ಹುಚ್ಚು ಹತ್ತಿದ್ದು 1997ರಲ್ಲಿ. ಕಾಡು ಮಲ್ಲೇಶ್ವರ ಮತ್ತು ಗಂಗಮ್ಮ ದೇವಸ್ಥಾನಗಳ ಎದುರಿನ ಖಾಲಿ ಜಾಗವನ್ನು ಆ ವರ್ಷ ಅಗೆದಾಗ, ನಾವೆಲ್ಲ ದಿನವೂ ದಾಟಿ ಹೋಗುತ್ತಿದ್ದ ನೆಲದ ಕೆಳಗಿಂದ ಒಂದು ಕಲ್ಯಾಣಿ, ಅದರ ಮೇಲೆ ಬಾಯಿಂದ ನೀರು ಸುರಿಸುವ ನಂದಿ, ಕೆಳಗೆ ಲಿಂಗ ಹೊರಬಂದವು. ಈಗ ಅದನ್ನು ದಕ್ಷಿಣಾಭಿಮುಖ ನಂದಿ ತೀರ್ಥ ಎಂದು ಎಲ್ಲರೂ ಬಲ್ಲರು. ಅದು 7,000 ವರ್ಷ ಹಳೆಯದೆಂದು ಹೇಳುವವರಿದ್ದಾರೆ. 400 ವರ್ಷಗಳ ಆಸುಪಾಸಿನದು ಎಂಬ ಪುರಾತತ್ತ್ವಜ್ಞರ ಮಾತೇ ನನಗೆ ಒಪ್ಪಿಗೆ. ವಯಸ್ಸು ಎಷ್ಟೇ ಇರಲಿ, ನೂರು ವರ್ಷ ಜನ ತುಂಬಿ ಬದುಕಿದ ಬಡಾವಣೆಯ ನಡುವೆ ಒಂದು ಇಡೀ ಕಲ್ಯಾಣಿ ಕಣ್ಣಿಗೆ ಬೀಳದೆ ಉಳಿಯಬಹುದಾದರೆ ಇನ್ನೇನೇನು ಉಳಿದಿರಬಹುದು ಎಂಬ ಪ್ರಶ್ನೆ ಅಂದು ನನ್ನೊಳಗೆ ಕುಳಿತದ್ದು ಮತ್ತೆ ಏಳಲಿಲ್ಲ. ಕೆಲಸದಿಂದ ಬಿಡುವಾದದ್ದು ಮಾತ್ರ ಹದಿನೈದು ವರ್ಷಗಳ ಮೇಲೆ.

ಎಲ್ಲರಂತೆ ನಾನೂ ಮೊದಲು ಹೋದದ್ದು ಶಾಸನಕ್ಕೆ. ದೇವಸ್ಥಾನದ ಆವರಣದ ಬಂಡೆಯ ಮೇಲಿರುವ 1669ರ ಕನ್ನಡ ಶಾಸನವನ್ನು ಲೂಯಿಸ್ ರೈಸ್ ಅವರು 1905ರಲ್ಲಿ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ 9ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ಶಹಾಜಿಯ ಮಗ, ಶಿವಾಜಿಯ ಮಲತಮ್ಮ ಏಕೋಜಿಯು ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟದ್ದು ಅದರ ವಿಷಯ. ದೇವಸ್ಥಾನವನ್ನು ಕಟ್ಟಿಸಿದವನೇ ಏಕೋಜಿ ಎಂದು ಎಲ್ಲ ಕಡೆ ಬರೆಯುತ್ತಾರೆ. ಪತ್ರ ಬರೆದು ಬದುಕಿದವನಾಗಿ ನಾನು ಅದನ್ನು ಹಾಗೆ ಓದಲಾರೆ. ದಾನಪತ್ರದಲ್ಲಿ ದಾನ ಪಡೆಯುವವರು ಮೊದಲೇ ಇರಬೇಕು. ಮಲ್ಲಪುರ ಎಂಬ ಊರೂ ಅದರ ದೇವರೂ ದತ್ತಿ ಬರೆಯುವ ಹೊತ್ತಿಗೆ ಇದ್ದವು ಎಂಬುದಷ್ಟನ್ನೇ ಆ ಕಲ್ಲು ಹೇಳುತ್ತದೆ. ದಾನಕ್ಕೆ ಹೋದ ಮೇದರನಿಂಗನಹಳ್ಳಿ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುತ್ತಮುತ್ತ ಇತ್ತೆಂದು ಬಲ್ಲವರು ಗುರುತಿಸಿದ್ದಾರೆ. ಅಲ್ಲಿಗೆ ನನ್ನ ಶಾಸನದ ದಾರಿ ಮುಗಿಯಿತು. 1669ರ ಮಲ್ಲಪುರಕ್ಕೂ ನಮ್ಮ ಬೀದಿಗೂ ನಡುವೆ ಇನ್ನೂರು ಚಿಲ್ಲರೆ ವರ್ಷಗಳ ಕಂದಕವಿತ್ತು.

ಗ್ಯಾಸೆಟಿಯರ್ ದಾರಿ ಹಿಡಿದೆ. ಅಲ್ಲಿ ಸಿಗುವುದು ಮೇಲಿನಿಂದ ಕಂಡ ನೋಟ: ಬಸವನಗುಡಿ ಸುಮಾರು 440 ಎಕರೆ, ಮಲ್ಲೇಶ್ವರ ಸುಮಾರು 290 ಎಕರೆ, 1898ರ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನೊಂದಿಗೆ ಬಂದ ಪ್ಲೇಗು, ಪೇಟೆಯ ಇಕ್ಕಟ್ಟಿನ ಮನೆಗಳನ್ನು ಬಿಟ್ಟು ಹೊರಟ ಜನ, ಪ್ಲೇಗ್ ಕಮಿಷನರ್ ಆಗಿದ್ದ, ಮುಂದೆ ದಿವಾನರೂ ಆದ ವಿ. ಪಿ. ಮಾಧವರಾಯರು. ಇವೆಲ್ಲ ನಿಜ. ಆದರೆ ಮಲ್ಲೇಶ್ವರ ಪ್ಲೇಗಿನಿಂದ ಹುಟ್ಟಿತು ಎಂದು ಒಂದೇ ಮಾತಿನಲ್ಲಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಪೇಟೆಯ ಹೊರಗೆ ಹೊಸ ಬಡಾವಣೆಗಳನ್ನು ಹಾಕುವ ಆಲೋಚನೆ ಅದಕ್ಕೂ ಹಿಂದಿನದು; ಚಾಮರಾಜಪೇಟೆ 1892ರ ಹೊತ್ತಿಗೇ ರೂಪುಗೊಂಡಿತ್ತು, ಮಲ್ಲೇಶ್ವರದ ಯೋಜನೆಯೂ ಪ್ಲೇಗಿಗೆ ಮೊದಲಿನದು. ಪ್ಲೇಗು ಮಾಡಿದ್ದು ಜನರ ಹಿಂಜರಿಕೆಯನ್ನು ಮುರಿದದ್ದು. ಪೇಟೆಯ ಅಂಗಡಿ, ಬಂಧುಬಳಗ, ಗುಡಿ ಎಲ್ಲವನ್ನೂ ಬಿಟ್ಟು ಕಾಡಿನ ಮಗ್ಗುಲಿಗೆ ಹೋಗಿ ಮನೆ ಕಟ್ಟಲು ಸುಖವಾಗಿದ್ದವರಾರೂ ಹೊರಡುತ್ತಿರಲಿಲ್ಲ.

ಹಾಗಾದರೆ ಹೊರಟವರು ಯಾರು, ಎಲ್ಲಿ ಮೊದಲು ಕಟ್ಟಿದರು, ಯಾವ ಸಾಲು ಖಾಲಿ ಬಿತ್ತು ಎಂಬುದು ನನಗೆ ಬೇಕಿತ್ತು. ಅದಕ್ಕೆ ಮೂಲ ನಕಾಶೆ ಬೇಕು. ನಕಾಶೆ ಹುಡುಕಲು ಹೋಗಿಯೇ ನಾನು ಮೊದಲ ಹಣ ಕಳೆದುಕೊಂಡೆ. ಹಳೆಯ ಕಾಗದ ಮಾರುವವನೊಬ್ಬ "ಬಡಾವಣೆಯ ಅಸಲಿ ನಕ್ಷೆ, ಬಟ್ಟೆಗೆ ಅಂಟಿಸಿದ್ದು" ಎಂದು ಹೇಳಿ 7,000 ರೂಪಾಯಿ ತೆಗೆದುಕೊಂಡ. ಮನೆಗೆ ತಂದು ಬೆಳಕಿಗೆ ಹಿಡಿದರೆ ಅದು ತೀರ ಇತ್ತೀಚಿನ ನಕ್ಷೆಯ ನಕಲು, ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯದು ಮಾಡಿದ್ದು. ಒಂದು ಮೂಲೆಯಲ್ಲಿ ಪಿನ್‌ಕೋಡ್ ಕೂಡ ಅಳಿಸದೆ ಉಳಿದಿತ್ತು. ಅಂಚೆ ಇಲಾಖೆ ಪಿನ್‌ಕೋಡ್ ತಂದದ್ದು 1972ರಲ್ಲಿ. ನಕ್ಷೆ ಕೊಳ್ಳುವ ಮುನ್ನ ನಾಲ್ಕು ಮೂಲೆ ಓದಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ಆಮೇಲೆ ತೀರ್ಮಾನಿಸಿದೆ: ನಕಾಶೆ ಸಿಗದಿದ್ದರೆ ಅದನ್ನು ಪತ್ರಗಳಿಂದ ಮತ್ತೆ ಕಟ್ಟಬೇಕು. ಒಂದು ಮನೆಯ ಪತ್ರದಲ್ಲಿ ಪಶ್ಚಿಮಕ್ಕೆ ಯಾರ ಹೆಸರಿದೆಯೋ ಅವರ ಪತ್ರದಲ್ಲಿ ಪೂರ್ವಕ್ಕೆ ಈ ಮನೆಯವರ ಹೆಸರು ಇರಲೇಬೇಕು. ಎರಡೂ ಕೂಡಿದರೆ ಒಂದು ಕೊಂಡಿ. ಅಂಥ ಕೊಂಡಿಗಳನ್ನು ಹಿಡಿದುಕೊಂಡು ಇಂದಿನಿಂದ ಹಿಂದಕ್ಕೆ, ಮಗನಿಂದ ಅಪ್ಪನಿಗೆ, ಕೊಂಡವರಿಂದ ಮಾರಿದವರಿಗೆ ಹೋಗುತ್ತ ಮೂಲಪತ್ರ ಮುಟ್ಟಿದರೆ ಮೊದಲ ಹಂಚಿಕೆ ಸಿಗುತ್ತದೆ. ಹೇಳುವುದಕ್ಕೆ ಇಷ್ಟೇ. ಮಾಡಲು ಒಂಬತ್ತು ವರ್ಷ ಹಿಡಿಯಿತು. ಅದರಲ್ಲಿ ಮೊದಲ ನಾಲ್ಕು ವರ್ಷ ಬಹುಪಾಲು ವ್ಯರ್ಥ.

ವ್ಯರ್ಥವಾದದ್ದರ ದೊಡ್ಡ ಕಾರಣ ಮನೆ ನಂಬರು. ನಾನು ಪತ್ರಗಳನ್ನು ಮನೆ ನಂಬರಿನ ಪ್ರಕಾರ ಜೋಡಿಸಿದೆ. ಬೆಂಗಳೂರಿನಲ್ಲಿ ಹಳೆ ನಂಬರು, ಹೊಸ ನಂಬರು, ಖಾತೆ ನಂಬರು ಒಂದೊಂದು ಕಾಲಕ್ಕೆ ಒಂದೊಂದು ಎಂದು ಗೊತ್ತಿದ್ದೂ, ಒಂದು ಬೀದಿಯೊಳಗಾದರೂ ಕ್ರಮ ಉಳಿದಿರುತ್ತದೆ ಎಂದು ನಂಬಿದೆ. ಉಳಿದಿರಲಿಲ್ಲ. ನಮ್ಮ ಬೀದಿಯಲ್ಲೇ ನಂಬರು ಕನಿಷ್ಠ ಮೂರು ಸಲ ಬದಲಾಗಿದೆ. ಅದರಲ್ಲಿ ಒಂದು ಸಲ ಎಣಿಕೆ ಬೀದಿಯ ಇನ್ನೊಂದು ತುದಿಯಿಂದ ಆರಂಭವಾಗಿದೆ. 38 ಮನೆಗಳನ್ನು ತಲೆಕೆಳಗಾಗಿ ಜೋಡಿಸಿ, ಒಂದು ವರ್ಷ ಕಳೆದ ಮೇಲೆ, ಮೂಲೆಯ ಮನೆಯ ಚಕ್ಕುಬಂದಿಯಲ್ಲಿ ರಸ್ತೆ ಇರಬೇಕಾದ ದಿಕ್ಕಿನಲ್ಲಿ ಇನ್ನೊಬ್ಬರ ಮನೆ ಬಂದಾಗ ತಪ್ಪು ತಿಳಿಯಿತು. ಅಂದು ಎಲ್ಲವನ್ನೂ ಕಿತ್ತು, ನಂಬರನ್ನು ಕಾಗದದ ಮೇಲೆ ಬರೆಯುವುದನ್ನೇ ಬಿಟ್ಟೆ. ಹೆಸರು ಮತ್ತು ದಿಕ್ಕು, ಇವೆರಡನ್ನು ಮಾತ್ರ ಬರೆದ ಅಂಗೈಯಗಲದ ರಟ್ಟಿನ ಚೀಟಿಗಳಿಂದ ಹೊಸದಾಗಿ ಆರಂಭಿಸಿದೆ.

ಎರಡನೆಯ ಪೆಟ್ಟು ಸಂವತ್ಸರದಿಂದ ಬಿತ್ತು. ನೋಂದಾಯಿತ ಪತ್ರದಲ್ಲಿ ಇಂಗ್ಲಿಷ್ ತಾರೀಖು ಇರುತ್ತದೆ, ತೊಂದರೆ ಇಲ್ಲ. ಆದರೆ ಮನೆಗಳಲ್ಲಿ ಸಿಗುವ ಕೈಬರಹದ ಒಪ್ಪಂದ, ರಸೀದಿ, ಪಾಲುಪಟ್ಟಿಯ ಕರಡುಗಳಲ್ಲಿ ಬರೀ ಸಂವತ್ಸರ ಇರುವುದುಂಟು. "ಪ್ಲವ ಸಂವತ್ಸರದ ಆಷಾಢ" ಎಂದಿದ್ದ ಒಂದು ಕಾಗದವನ್ನು ನಾನು 1901 ಎಂದು ಹಿಡಿದು, ಅದರ ಬಲದ ಮೇಲೆ ಒಂದು ಸಾಲಿನ ಆರು ಮನೆಗಳನ್ನು ಬಡಾವಣೆಯ ಅತಿ ಹಳೆಯ ಮನೆಗಳೆಂದು ಸಭೆಯಲ್ಲಿ ಹೇಳಿಯೂ ಬಿಟ್ಟೆ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಪ್ಲವ 1961ರಲ್ಲಿಯೂ ಇತ್ತು. ಕಾಗದದ ಹಿಂಬದಿಯಲ್ಲಿ, ಮಡಿಕೆಯ ಒಳಗೆ, ಪಡೆದ ಹಣ ಇಷ್ಟು ರೂಪಾಯಿ ಇಷ್ಟು ನಯಾ ಪೈಸೆ ಎಂದಿತ್ತು. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ಮುಂದಿನ ಸಭೆಯಲ್ಲಿ ಎದ್ದು ನಿಂತು ತಿದ್ದುಪಡಿ ಹೇಳಿದೆ. ಈ ಕೆಲಸವನ್ನು ನಂಬದಿದ್ದವರಿಗೆ ಆ ದಿನ ಬಲ ಬಂದದ್ದು ನಿಜ. ಆದರೆ ಆ ದಿನದಿಂದ ನಾನು ತಾರೀಖಿಗಿಂತ ಮೊದಲು ನಾಣ್ಯ ನೋಡುತ್ತೇನೆ, ಮತ್ತೆ ಆ ಬಗೆಯ ತಪ್ಪು ಆಗಿಲ್ಲ. ಪ್ಲೇಗಿನ ವರ್ಷ ವಿಳಂಬಿ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ಹತ್ತು ಹದಿನೈದು ಸಂವತ್ಸರಗಳನ್ನು ಬೆರಳಲ್ಲೇ ಎಣಿಸಬಹುದು.

ಪತ್ರ ಸಿಗುವುದೆಲ್ಲಿ ಎಂದು ಬಹಳ ಜನ ಕೇಳುತ್ತಾರೆ. ಆಸ್ತಿಯ ಮೇಲೆ ನಡೆದ ನೋಂದಾಯಿತ ವ್ಯವಹಾರಗಳ ಪಟ್ಟಿಯಾದ ಋಣಭಾರ ಪತ್ರ ಗಣಕದಲ್ಲಿ ಸುಲಭವಾಗಿ ಸಿಗುವುದು 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು, ಪ್ರತಿ ವರ್ಷಕ್ಕೆ ಇಷ್ಟೆಂದು ಶುಲ್ಕ ಕಟ್ಟಬೇಕು, ದೃಢೀಕೃತ ನಕಲಿಗೆ ಪುಟದ ಲೆಕ್ಕದಲ್ಲಿ ಮತ್ತೆ ಕೊಡಬೇಕು. ಮೊದಲ ಎರಡು ವರ್ಷ ನಾನು ಹೀಗೆ 30,000 ರೂಪಾಯಿಗೂ ಹೆಚ್ಚು ಸುರಿದೆ. ಸಿಕ್ಕಿದ್ದು 26 ಪತ್ರ, ಅವುಗಳಲ್ಲಿ ಉಪಯೋಗಕ್ಕೆ ಬಂದದ್ದು ಹತ್ತೋ ಹನ್ನೊಂದೋ. ಉಳಿದ 200ಕ್ಕೂ ಹೆಚ್ಚು ಪತ್ರಗಳು ಬಂದದ್ದು ಮನೆಗಳ ಟ್ರಂಕಿನಿಂದ, ಗೋದ್ರೆಜ್ ಬೀರುವಿನಿಂದ, ದೇವರ ಕೋಣೆಯ ಗೂಡಿನಿಂದ, ಬಹುಮಟ್ಟಿಗೆ ಒಂದು ಕಾಸಿನ ಖರ್ಚಿಲ್ಲದೆ. ಆದರೆ ಟ್ರಂಕು ತೆರೆಸುವುದು ಸುಲಭವಲ್ಲ. ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರು, "ಪತ್ರ ಹೊರಗಿನೋರ ಕಣ್ಣಿಗೆ ಬಿದ್ರೆ ಮನೆ ಕೈಬಿಡುತ್ತೆ ಅಂತ ನಮ್ಮ ಯಜಮಾನ್ರು ಹೇಳ್ತಿದ್ರು ಕಣಪ್ಪಾ" ಎಂದು ಎರಡು ವರ್ಷ ಬಾಗಿಲಲ್ಲೇ ಕಾಫಿ ಕೊಟ್ಟು ಕಳುಹಿಸಿದರು. ಮೂರನೆಯ ವರ್ಷ ಅವರೇ ಕರೆದು ಕೊಟ್ಟ ವಿಭಾಗಪತ್ರ ನನ್ನ ಸಂಗ್ರಹದ ಅತ್ಯುತ್ತಮ ಕಾಗದ. ಅವರ ಮನಸ್ಸು ಬದಲಾಗಲು ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಮೋಸವಿಲ್ಲ ಎಂದಷ್ಟು ಹೇಳಬಲ್ಲೆ, ಮತ್ತು ಪತ್ರವನ್ನು ಅವರ ಮನೆಯಿಂದ ಹೊರಗೆ ತರಲಿಲ್ಲ.

ಕ್ರಯಪತ್ರಕ್ಕಿಂತ ವಿಭಾಗಪತ್ರ ಹತ್ತು ಪಾಲು ಮೇಲು. ಕ್ರಯಪತ್ರ ಹಣ ಮತ್ತು ಹಕ್ಕಿನ ಮಾತಾಡಿ ಮುಗಿಸುತ್ತದೆ. ಅಣ್ಣತಮ್ಮಂದಿರ ಪಾಲುಪಟ್ಟಿ ಮಾತ್ರ, ನಮ್ಮ ತೀರ್ಥರೂಪರು ಇಂಥ ಪೇಟೆಯಿಂದ ಇಂಥ ಕಾಲದಲ್ಲಿ ಬಂದು, ಇಂಥವರಿಂದ ನಿವೇಶನ ಪಡೆದು, ಮೊದಲು ಹೆಂಚಿನ ಮನೆ ಕಟ್ಟಿ, ಬಾವಿ ತೋಡಿಸಿ ಎಂದು ಆಸ್ತಿ ಬಂದ ಬಗೆಯನ್ನು ಮೊದಲಿನಿಂದ ಹೇಳುತ್ತದೆ. ಜಗಳ ಜೋರಾಗಿದ್ದ ಮನೆಗಳಲ್ಲಿ ಆ ವಿವರ ಇನ್ನೂ ಉದ್ದ. ನಾನು ನೋಡಿದ ವಿಭಾಗಪತ್ರಗಳಲ್ಲಿ ಪ್ಲೇಗು ಎಂಬ ಶಬ್ದ ಬಂದದ್ದು ಎರಡರಲ್ಲಿ ಮಾತ್ರ, ಅದೂ "ಪ್ಲೇಗಿನ ಗಲಾಟೆಯಲ್ಲಿ" ಎಂದು ಅರ್ಧ ಸಾಲು. ಸತ್ತವರ ಹೆಸರು ಹೇಳಲು ಯಾರಿಗೂ ಮನಸ್ಸು ಬಂದಿಲ್ಲ. ಆ ಅರ್ಧ ಸಾಲನ್ನು ಓದಿದ ಸಂಜೆ ನಾನು ಮುಂದೆ ಕೆಲಸ ಮಾಡಲಿಲ್ಲ.

ಪತ್ರದ ಕೊನೆಯಲ್ಲಿ ಬಿಕ್ಕಲಂ ಎಂದು ಬರಹಗಾರನ ಹೆಸರು ಇರುತ್ತದೆ. ಇತಿಹಾಸಕಾರರು ಅದನ್ನು ಓದುವುದಿಲ್ಲ, ನಾನು ಮೊದಲು ಅದನ್ನೇ ಓದುತ್ತೇನೆ. ನನ್ನ ಸಂಗ್ರಹದ ಅತಿ ಹಳೆಯ ಪತ್ರಗಳಲ್ಲಿ ಹೆಚ್ಚಿನವು ಮೂರು ಕೈಗಳಿಂದ ಬಂದವು. ಅವರಲ್ಲಿ ಒಬ್ಬರು ಅಕ್ಷರ ಮುತ್ತಿನಂತೆ ಬರೆದರೂ ದಿಕ್ಕನ್ನು ಮನೆಯ ಬಾಗಿಲಿನಿಂದ ನೋಡಿ ಹೇಳುತ್ತಿದ್ದರು: ಬಾಗಿಲು ಎತ್ತ ಇದ್ದರೂ ಅದನ್ನು ಪೂರ್ವವೆಂದೇ ಹಿಡಿದು ಉಳಿದ ಮೂರನ್ನು ಅದಕ್ಕೆ ಹೊಂದಿಸುತ್ತಿದ್ದರು. ಪಶ್ಚಿಮಕ್ಕೆ ಬಾಗಿಲಿದ್ದ ಮನೆಗಳೆಲ್ಲ ಇದರಿಂದ ನನ್ನ ಮೇಜಿನ ಮೇಲೆ ಅರ್ಧ ಸುತ್ತು ತಿರುಗಿ ಕುಳಿತಿದ್ದವು. ಒಂಬತ್ತು ಮನೆಗಳ ಗಂಟು ಆರು ತಿಂಗಳು ಬಿಚ್ಚಲಿಲ್ಲ. ಬಿಕ್ಕಲಂ ಹೆಸರಿನ ಪ್ರಕಾರ ಚೀಟಿಗಳಿಗೆ ಬಣ್ಣ ಹಚ್ಚಿದಾಗ, ತಪ್ಪುವ ಚೀಟಿಗಳೆಲ್ಲ ಒಂದೇ ಬಣ್ಣದವು ಎಂಬುದು ಒಂದು ನೋಟಕ್ಕೆ ಕಂಡಿತು. ಅವರ ಪತ್ರಗಳನ್ನು ತಿರುಗಿಸಿ ಇಟ್ಟೆ, ಗಂಟು ಒಂದೇ ಮಧ್ಯಾಹ್ನದಲ್ಲಿ ಬಿಚ್ಚಿತು. ಈ ಕೆಲಸ ಪತ್ರಬರಹಗಾರನಲ್ಲದೆ ಬೇರೆಯವರಿಂದ ಆಗುತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೆಸರು, ದಿಕ್ಕು ಕೂಡಿದರೂ ನೆಲಕ್ಕೆ ಅಂಟಿಸಲು ಮೊಳೆ ಬೇಕಲ್ಲ. ಎಲ್ಲರೂ ರಸ್ತೆಯನ್ನು ಮೊಳೆಯಾಗಿ ಬಳಸುತ್ತಾರೆ. ಸಂಪಿಗೆ ರಸ್ತೆಯೂ ಬೇವಿನ ಮರಗಳಿಂದ ಹೆಸರು ಪಡೆದ ಮಾರ್ಗೋಸಾ ರಸ್ತೆಯೂ ಹಳೆಯವೇ, ಆದರೆ ಅಗಲವಾಗಿವೆ. ಮನೆಯ ಮುಂದಿನ ಅಳತೆ ಎಂದೂ ಸರಿಹೊಂದುವುದಿಲ್ಲ. ನನಗೆ ಸಿಕ್ಕ ಮೊಳೆ ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಈ ಕಿರುದಾರಿಯನ್ನು ಬಿಟ್ಟದ್ದು, ಹಿತ್ತಿಲ ಪಾಯಿಖಾನೆಯ ಮಲವನ್ನು ಮನೆಯೊಳಗೆ ಬಾರದೆ ಹೊತ್ತೊಯ್ಯಲಿ ಎಂದು. ಬಸವನಗುಡಿಯಲ್ಲಿಯೂ ಇವೆ. ಮನೆ ಒಡೆದು ಎರಡಾಯಿತು, ನಾಲ್ಕಾಯಿತು, ಈಗ ಅಪಾರ್ಟ್‌ಮೆಂಟ್ ಆಯಿತು. ಗಲ್ಲಿ ಮಾತ್ರ ಸರ್ಕಾರಿ ಜಾಗವಾದ್ದರಿಂದ ಹೆಚ್ಚಿನ ಕಡೆ ಇದ್ದಲ್ಲೇ ಇದೆ. ಹಳೆಯ ಪತ್ರಗಳಲ್ಲಿ ಅದರ ಹೆಸರನ್ನು ಹನ್ನೆರಡು ರೀತಿಯಲ್ಲಿ ಬರೆದಿರುವುದನ್ನು ಗುರುತು ಮಾಡಿಟ್ಟುಕೊಂಡಿದ್ದೇನೆ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ನಿಷೇಧಿಸಿದರು. ಅಷ್ಟು ವರ್ಷ ಆ ಗಲ್ಲಿಯಲ್ಲಿ ನಡೆದವರ ಒಂದೇ ಒಂದು ಹೆಸರೂ ನನ್ನ 200 ಪತ್ರಗಳಲ್ಲಿ ಇಲ್ಲ. ನಮ್ಮ ಬಡಾವಣೆಯ ಅಳತೆ ನಿಂತಿರುವುದು ಅವರ ದಾರಿಯ ಮೇಲೆ ಎಂಬುದನ್ನು ನಕ್ಷೆಯ ಮೇಲೆಯೇ ಬರೆದಿದ್ದೇನೆ.

ಹಿತ್ತಿಲ ಗೋಡೆಯಿಂದ ಅಳೆಯಲು ಆರಂಭಿಸಿದ ಮೇಲೆ ಕೆಲಸ ಓಡಿತು. ನಕ್ಷೆಯನ್ನು ಗಣಕಕ್ಕೆ ಏರಿಸಲು ಕಾಲೇಜು ಹುಡುಗನೊಬ್ಬನಿಗೆ 12,000 ರೂಪಾಯಿ ಕೊಟ್ಟೆ. ನಕ್ಷೆ ಜೋಡಿಸುವ ಕ್ಯೂಜಿಐಎಸ್ ತಂತ್ರಾಂಶ ಪುಕ್ಕಟೆ, ಅದನ್ನು ಬಲ್ಲವರ ಸಮಯ ಪುಕ್ಕಟೆಯಲ್ಲ. ಹಳೆಯ ಗ್ರಾಮ ನಕಾಶೆಯನ್ನು ಇಂದಿನ ಬೀದಿಗಳ ಮೇಲೆ ಹೊದಿಸಿದಾಗ ಊರೆಲ್ಲ ಎರಡು ಪಾಲು ಹಿಗ್ಗಿ, ದೇವಸ್ಥಾನ ಸ್ಯಾಂಕಿ ಕೆರೆಯೊಳಗೆ ಹೋಗಿ ಕುಳಿತಿತ್ತು. ಆ ಹುಡುಗ ಪುಸ್ತಕದಲ್ಲಿ ಓದಿದ 66 ಅಡಿಯ ಸರ್ವೆ ಸರಪಳಿಯ ಲೆಕ್ಕ ಹಿಡಿದಿದ್ದ. ಮೈಸೂರು ಸಂಸ್ಥಾನದಲ್ಲಿ 1863ರಿಂದ ನಡೆದ ಕಂದಾಯ ಸರ್ವೆ ಮುಂಬಯಿ ಪದ್ಧತಿಯದು, ನಮ್ಮ ಸರಪಳಿ 33 ಅಡಿಯದು. ಆದ್ದರಿಂದಲೇ ನಮ್ಮ ಗುಂಟೆ 1,089 ಚದರಡಿ. ನಕಾಶೆಯ ಇಂಚಿಗೆ 20 ಸರಪಳಿ ಎಂದರೆ ನೆಲದ ಮೇಲೆ 660 ಅಡಿ. ಅದನ್ನು ತಿದ್ದಿದ ಮೇಲೂ ಒಂದು ಮೂಲೆಯಲ್ಲಿ 30, 40 ಅಡಿ ಜಾರುತ್ತಿತ್ತು. ಅದನ್ನು ಸರಿಪಡಿಸಲು ನಾನು ಬಳಸುವ ಮೂರು ಗುರುತುಗಳು ನನ್ನವೇ. ಅವುಗಳ ಬಗ್ಗೆ ಬೇರೆ ಬರೆಯಬೇಕೆಂದಿದ್ದೇನೆ, ಈಗಲ್ಲ.

ನಡುವೆ ಎರಡು ಅಡ್ಡ ಪ್ರಯೋಗಗಳಿಗೂ ಕೈ ಹಾಕಿದೆ. ಒಂದು, ಸಂಪಿಗೆ ಮತ್ತು ಬೇವಿನ ಮರಗಳ ಸುತ್ತಳತೆಯಿಂದ ಬೀದಿಯ ವಯಸ್ಸು ಹೇಳುವುದು. ಎರಡು ಬೇಸಿಗೆ ಟೇಪು ಹಿಡಿದು ತಿರುಗಿ 90 ಮರ ಅಳೆದೆ. ಬೀದಿಯಲ್ಲಿ ನೆಟ್ಟ ಮೊದಲ ಸಾಲಿನ ಮರಗಳು ಬಹಳ ಉಳಿದಿಲ್ಲ, ಬಿದ್ದ ಜಾಗದಲ್ಲಿ ಮತ್ತೆ ನೆಟ್ಟಿದ್ದಾರೆ, ಚರಂಡಿಯ ಮಗ್ಗುಲಿನ ಮರ ಒಣ ಜಾಗದ ಮರಕ್ಕಿಂತ ಬೇಗ ದಪ್ಪವಾಗುತ್ತದೆ. ಆ ಪ್ರಯೋಗದಿಂದ ನನಗೆ ಏನೂ ದಕ್ಕಲಿಲ್ಲ. ಇನ್ನೊಂದು, ಬಾವಿಗಳ ಪಟ್ಟಿ. ಇದು ದಕ್ಕಿತು. ಪತ್ರಗಳಲ್ಲಿ "ಬಾವಿಯ ಹಕ್ಕು ಸಹಿತ" ಎಂದಿದ್ದ ಮನೆಗಳಿಗೆ ಹೋಗಿ ಕೇಳಿ, ಮುಚ್ಚಿದವು, ನೀರಿನ ಸಂಪ್ ಆದವು, ಮೇಲೆ ಅಡುಗೆಮನೆ ಬಂದವು ಎಲ್ಲ ಸೇರಿ 47 ಬಾವಿ ಗುರುತು ಮಾಡಿದೆ. 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ, ಗಂಧದ ಕೋಠಿಯ ನೆರೆಯಲ್ಲಿದ್ದುದರಿಂದ ಗಂಧದಕೋಠಿ ಕೆರೆ ಎಂದೂ ಕರೆಸಿಕೊಂಡ ಕೆರೆ, ಬಡಾವಣೆ ಬರುವ ಹೊತ್ತಿಗೇ ಅಲ್ಲಿತ್ತು. ಹೆಸರಘಟ್ಟದ ನೀರು ಬೆಂಗಳೂರಿಗೆ ಬಂದದ್ದು 1890ರ ದಶಕದಲ್ಲಿ. ಹಾಗಿದ್ದೂ ನಮ್ಮ ಭಾಗದ ಮೊದಲ ಮನೆಗಳಲ್ಲಿ ನಲ್ಲಿಯ ಮಾತಿಲ್ಲ, ಬಾವಿಯ ಮಾತು ಎಲ್ಲ ಕಡೆ ಇದೆ. ಮೊದಲು ಕಟ್ಟಿದ ಮನೆಗಳು ಬಾವಿಯ ಸುತ್ತ ನಾಲ್ಕು ನಾಲ್ಕಾಗಿ ಗುಂಪುಗೂಡಿವೆ. ಒಂದು ಬಾವಿಗೆ ನಾಲ್ಕು ನಿವೇಶನಗಳ ಹಿತ್ತಿಲು ಕೂಡುವ ಮೂಲೆಯೇ ಜಾಗ. ಜನ ಯಾವ ನಿವೇಶನವನ್ನು ಮೊದಲು ಆರಿಸಿದರು ಎಂಬುದಕ್ಕೆ ನನ್ನ ಉತ್ತರ ಈ ಮೂಲೆಗಳಲ್ಲಿದೆ.

ಈಗ ಮುಖ್ಯವಾದ ಮಾತು. ನಕ್ಷೆ ಮುಕ್ಕಾಲು ತುಂಬಿದಾಗ, ನಾಲ್ಕು ಪತ್ರಗಳು ಎಲ್ಲಿಯೂ ಕೂಡದೆ ಉಳಿದವು. ನಾಲ್ಕೂ ಬೇರೆ ಬೇರೆ ಬೀದಿಯ ಮನೆಗಳು, ಬರೆದ ಕೈಗಳೂ ಬೇರೆ. ನಾಲ್ಕರಲ್ಲೂ ಒಂದು ಬದಿಗೆ ನೆರೆಯವರ ಹೆಸರಿನ ಬದಲು "ಹಳೇ ಗಾಡಿ ದಾರಿ" ಎಂದಿತ್ತು. ಅಡ್ಡರಸ್ತೆ, ಮುಖ್ಯರಸ್ತೆ, ಗಲ್ಲಿ ಬಿಟ್ಟರೆ ಬೇರೆ ದಾರಿಯೇ ಇರದ ಚೌಕುಳಿಯ ನಡುವೆ ಗಾಡಿ ದಾರಿ ಎಲ್ಲಿಂದ ಬರಬೇಕು? ಅಳತೆಯೂ ವಿಚಿತ್ರವಾಗಿತ್ತು: ಎದುರು ಬದಿಗಳು ಸಮವಿಲ್ಲ, ಒಂದು ಕಡೆ 90 ಅಡಿ ಇದ್ದರೆ ಇನ್ನೊಂದು ಕಡೆ 78, ಹೀಗೆ. ಬರಹಗಾರರ ತಪ್ಪೆಂದು ಎಲ್ಲರೂ ಹೇಳಿದರು. ನಾಲ್ಕು ಬೇರೆ ಕೈಗಳು ಒಂದೇ ತಪ್ಪು ಮಾಡುವುದಿಲ್ಲ ಎಂದು ನಾನು ಹಟ ಹಿಡಿದೆ. ಆ ನಾಲ್ಕು ನಿವೇಶನಗಳನ್ನು ಅವುಗಳ ಓರೆ ಅಳತೆಯೊಂದಿಗೇ ಗಲ್ಲಿಯಿಂದ ಅಳೆದು ಇಟ್ಟಾಗ, ಓರೆ ಬದಿಗಳು ನಾಲ್ಕೂ ಒಂದೇ ಗೆರೆಯಲ್ಲಿ ಬಂದವು. ಆ ಗೆರೆಯನ್ನು ಮುಂದಕ್ಕೆ ಎಳೆದರೆ ಅದು ಕಾಡು ಮಲ್ಲೇಶ್ವರ ದೇವಸ್ಥಾನದ ಬಾಗಿಲ ಕಡೆಗೆ ಹೋಗುತ್ತಿತ್ತು.

ಬಡಾವಣೆಯ ನಕಾಶೆ ಬರೆದವರು ಅಡಿಪಟ್ಟಿ ಇಟ್ಟು ನೇರ ಗೆರೆ ಎಳೆದರೂ, ಮಲ್ಲಪುರದ ಗುಡಿಗೆ ಜನ ನಡೆದು, ಗಾಡಿ ಹೊಡೆದು ಬರುತ್ತಿದ್ದ ದಾರಿ ಒಮ್ಮೆಗೇ ಅಳಿಯಲಿಲ್ಲ. ಕೆಲವು ವರ್ಷ ಜನ ಅದರಲ್ಲೇ ನಡೆದರು, ಅಕ್ಕಪಕ್ಕದ ನಿವೇಶನಗಳು ಅದಕ್ಕೆ ಜಾಗ ಬಿಟ್ಟು ಓರೆಯಾಗಿ ಮುಗಿದವು ಎಂಬುದು ನನ್ನ ತೀರ್ಮಾನ. ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ನಡೆದು ನೋಡಿದೆ. ನಾಲ್ಕರಲ್ಲಿ ಎರಡು ಮನೆ ಈಗಿಲ್ಲ. ಉಳಿದ ಎರಡರ ಹಿತ್ತಿಲ ಕಾಂಪೌಂಡ್ ಗೋಡೆ ಇಂದಿಗೂ ಓರೆಯಾಗಿದೆ. ಹುಟ್ಟಿದಾಗಿನಿಂದ ನಾನು ಆ ಗೋಡೆಯ ಮಗ್ಗುಲಲ್ಲಿ ನಡೆದಿದ್ದೇನೆ, ಅದು ಏಕೆ ಓರೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆದರೂ ನಂಬದವರು ನಂಬಲಿಲ್ಲ; ಓರೆ ಗೋಡೆ ಎಲ್ಲ ಊರಲ್ಲೂ ಇರುತ್ತದೆ ಎಂದರು. ನಂಬಿದ್ದು ಮತ್ತೆ ಎಂಟು ತಿಂಗಳಿಗೆ. ಆ ಗೆರೆಯ ಮೇಲೇ ಬೀಳುವ ಹಳೆಯ ಮನೆಯೊಂದನ್ನು ಕೆಡವಿ ಪಾಯ ತೋಡುತ್ತಿದ್ದರು. ಗುತ್ತಿಗೆದಾರರ ಒಪ್ಪಿಗೆ ಕೇಳಿ ನಾನೂ, ಆ ಹಿರಿಯರೂ, ಇನ್ನಿಬ್ಬರೂ ಹೋಗಿ ನಿಂತೆವು. ಕೆಂಪು ಮಣ್ಣಿನ ನಡುವೆ, ಮೂರಡಿಯ ಒಳಗೆ, ಸುಮಾರು ಹನ್ನೆರಡು ಅಡಿ ಅಗಲಕ್ಕೆ ಗರಸು ಗಟ್ಟಿಯಾಗಿ ಹಾಸಿಕೊಂಡಿತ್ತು, ಎರಡು ಪಕ್ಕದಲ್ಲಿ ಸಡಿಲ ಮಣ್ಣು. ಗರಸಿನ ಅಂಚು ಪಾಯದ ಅಂಚಿಗೆ ಓರೆಯಾಗಿತ್ತು. ನಕ್ಷೆಯ ಗೆರೆಗೂ ಅದಕ್ಕೂ ಐದಾರು ಅಡಿ ವ್ಯತ್ಯಾಸವಿತ್ತು, ಅಷ್ಟೆ. ಹಿರಿಯರು ಏನೂ ಮಾತಾಡದೆ ನನ್ನ ಕೈಯಿಂದ ಟೇಪು ತೆಗೆದುಕೊಂಡು ಇನ್ನೊಂದು ತುದಿ ಹಿಡಿದರು. ಸಂಜೆಯೊಳಗೆ ಕಾಂಕ್ರೀಟ್ ಬಿತ್ತು. ನನ್ನ ಬಳಿ ಹದಿನೇಳು ಚಿತ್ರಗಳಿವೆ.

ಒಟ್ಟು ಖರ್ಚು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು: ನಕಲು ಮತ್ತು ಶುಲ್ಕಕ್ಕೆ ಅದರ ಅರ್ಧದಷ್ಟು, ಸ್ಕ್ಯಾನರಿಗೆ 9,000, ಆ ಹುಡುಗನಿಗೆ ಎರಡು ಸಲ ಕೊಟ್ಟದ್ದು, ಸುಳ್ಳು ನಕ್ಷೆಯ 7,000, ಉಳಿದದ್ದು ಆಟೋ, ಕಾಫಿ, ರಟ್ಟು. ಇವತ್ತು ಮತ್ತೆ ಆರಂಭಿಸುವುದಾದರೆ 40,000ದೊಳಗೆ ಮುಗಿಸುತ್ತೇನೆ. ಕಚೇರಿಗೆ ಕೊನೆಯಲ್ಲಿ ಹೋಗುತ್ತೇನೆ, ವಿಭಾಗಪತ್ರಗಳನ್ನು ಮೊದಲು ಕೇಳುತ್ತೇನೆ, ಮನೆ ನಂಬರು ಬರೆಯುವುದಿಲ್ಲ, ಮುಂಬಾಗಿಲಿನಿಂದ ಅಳೆಯುವುದಿಲ್ಲ.

140ರಲ್ಲಿ ಏಳು ನಿವೇಶನ ಇನ್ನೂ ಖಾಲಿ. ಅವು ಗಾಡಿ ದಾರಿ ಮಾರ್ಗೋಸಾ ರಸ್ತೆಯನ್ನು ದಾಟಿರಬೇಕಾದ ಜಾಗದಲ್ಲೇ ಇವೆ. ಅವುಗಳಲ್ಲಿ ಎರಡರ ಮೂಲ ಮಾಲೀಕರ ಮೊಮ್ಮಕ್ಕಳು ಮೈಸೂರಿನಲ್ಲಿದ್ದಾರೆ. ತಾತನ ಪೆಟ್ಟಿಗೆ ಅಟ್ಟದ ಮೇಲಿದೆ, ಶಿವರಾತ್ರಿ ಕಳೆದ ಮೇಲೆ ಇಳಿಸುತ್ತೇವೆ ಎಂದು ಹೇಳಿದ್ದಾರೆ. ಆ ಎರಡು ಚೌಕವನ್ನು ನಕ್ಷೆಯಲ್ಲಿ ಪೆನ್ಸಿಲಿನಲ್ಲಿ, ಒಂದು ಬದಿ ಓರೆಯಾಗಿ, ಬರೆದಿಟ್ಟಿದ್ದೇನೆ.